ಕಾಯಿಲ್ ಮೇಲೆ ಮೂರು ಬೊಟ್ಟು

ಫರ್ನೇಸಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಅಪರೂಪಕ್ಕೆ ನನಗೆ ಫೋನ್ ಮಾಡುತ್ತಾರೆ. ಮಾಡಿದವರು ಕೇಳುವುದು ಒಂದೇ ಪ್ರಶ್ನೆ, ಯಾವ ತಂತಿ ಹಾಕಬೇಕು ಮೇಡಂ ಅಂತ. ತಂತಿಯ ವಿಷಯ ಪುಸ್ತಕದಲ್ಲಿದೆ, ಕಂಪ್ಯೂಟರಿನಲ್ಲಿದೆ, ತಂತಿ ಮಾರುವವನ ಕ್ಯಾಟಲಾಗಿನಲ್ಲಿ ಬಣ್ಣಬಣ್ಣವಾಗಿ ಅಚ್ಚಾಗಿದೆ. ಅದಕ್ಕಾಗಿ ಎಪ್ಪತ್ತು ದಾಟಿದ ಹೆಂಗಸನ್ನು ಎಬ್ಬಿಸಬೇಕಾಗಿಲ್ಲ. ಕೇಳಬೇಕಾದದ್ದು ಬೇರೆ ಇದೆ. ಅದನ್ನು ಯಾರೂ ಕೇಳುತ್ತಿಲ್ಲವಾದ್ದರಿಂದ ಕೇಳದೆಯೇ ಹೇಳಿಬಿಡೋಣ ಎಂದು ಕೂತಿದ್ದೇನೆ. ಮನೆಯಲ್ಲಿ ಇರುವವಳು ನಾನೊಬ್ಬಳೇ, ಹೊತ್ತು ಬೇಕಾದಷ್ಟಿದೆ.

ನಾನು ಕೆಲಸ ಮಾಡಿದ್ದು ಮೈಸೂರಿನಲ್ಲೇ, ಕುಂಬಾರಕೊಪ್ಪಲಿನ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹತ್ತು ನಿಮಿಷ ದೂರದ ಒಂದು ಸಣ್ಣ ಕಾರ್ಖಾನೆಯಲ್ಲಿ. ಕರೆಂಟಿನಿಂದ ಕಾಯುವ ಫರ್ನೇಸುಗಳನ್ನು ಮಾಡುತ್ತಿದ್ದೆವು. ಉಕ್ಕಿನ ಬಿಡಿಭಾಗಗಳನ್ನು ಕಾಸಿ ಹದ ಮಾಡುವಂಥವು, ಪಿಂಗಾಣಿ ಸುಡುವಂಥವು, ಕಾಲೇಜಿನ ಪ್ರಯೋಗಶಾಲೆಗೆ ಬೇಕಾಗುವ ಚಿಕ್ಕವು. ಹೊರಗಿನಿಂದ ನೋಡಿದರೆ ದೊಡ್ಡದೊಂದು ಬೀರು. ಅದರ ಜೀವ ಇರುವುದು ಒಳಗೋಡೆಯ ಇಟ್ಟಿಗೆಗಳಲ್ಲಿ ಕೊರೆದ ಕಾಲುವೆಗಳೊಳಗೆ ಸಾಲಾಗಿ ಮಲಗಿದ ತಂತಿಯ ಸುರುಳಿಯಲ್ಲಿ. ಅದನ್ನು ನಾವು ಕಾಯಿಲ್ ಎನ್ನುತ್ತಿದ್ದೆವು. ತಂತಿ ಎಷ್ಟು ದಪ್ಪ ಇರಬೇಕು, ಎಷ್ಟು ಉದ್ದ, ಎಷ್ಟು ಸುತ್ತು, ಸುತ್ತಿನ ನಡುವೆ ಎಷ್ಟು ಸಂದು ಎಂದು ಲೆಕ್ಕ ಹಾಕಿ ನಕ್ಷೆ ಬರೆಯುವುದು ನನ್ನ ಕೆಲಸ.

ಡಿಪ್ಲೊಮಾ ಮುಗಿಸಿ ಸೇರಿದಾಗ ಅಲ್ಲಿದ್ದವರು ಹದಿನಾಲ್ಕು ಗಂಡಸರು, ನಾನೊಬ್ಬಳು ಹೆಂಗಸು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಒಳ್ಳೆಯ ಮಾತೂ ಆಡಲಿಲ್ಲ, ಅದು ಬೇರೆ. ಮಧ್ಯಾಹ್ನ ಅವರೆಲ್ಲ ಹೊಂಗೆಮರದ ಕೆಳಗೆ ಸುತ್ತ ಕೂತು ಡಬ್ಬಿ ಬಿಚ್ಚುವರು. ನಾನು ಒಳಗೆ ಡ್ರಾಯಿಂಗ್ ಬೋರ್ಡಿನ ಮೂಲೆಯಲ್ಲಿ ಡಬ್ಬಿ ಇಟ್ಟುಕೊಂಡು ಉಣ್ಣುವೆ. ಮೂವತ್ತೈದು ವರ್ಷ ಹಾಗೇ ಉಂಡೆ. ಬೋರ್ಡಿನ ಆ ಮೂಲೆಗೆ ನನ್ನ ಡಬ್ಬಿಯಷ್ಟೇ ಅಗಲದ ಒಂದು ಎಣ್ಣೆಕಲೆ ಬಿದ್ದಿತ್ತು. ಹೊಸದಾಗಿ ಸೇರುವ ಹೆಣ್ಣುಮಕ್ಕಳಿಗೆ ನನ್ನ ಮೊದಲ ಬುದ್ಧಿಮಾತು ಇದೇ. ಮೊದಲ ದಿನವೇ ಡಬ್ಬಿ ಹಿಡಿದು ಮರದ ಕೆಳಗೆ ಹೋಗಿ ಕೂತುಬಿಡಿ. ಎರಡನೇ ದಿನಕ್ಕೆ ತಡವಾಗಿರುತ್ತದೆ.

ಕೆಲಸ ಕಲಿಸಿದವರು ಕಾರ್ಖಾನೆಯ ಯಜಮಾನರೇ. ಅವರನ್ನು ಎಲ್ಲರೂ ಯಜಮಾನರು ಎಂದೇ ಕರೆಯುತ್ತಿದ್ದರು. ಬಿಳಿ ಪಂಚೆ, ಮೇಲೊಂದು ಖಾಕಿ ಕೋಟು, ಜೇಬಿನಲ್ಲಿ ಲೆಕ್ಕದ ಸ್ಲೈಡ್ ರೂಲು. ಮೊದಲ ವಾರ ನಾನು ಬರೆದ ನಕ್ಷೆಯಲ್ಲಿ ತಂತಿ ಬಹಳ ಸಣ್ಣದಾಯಿತು. ಕರೆಂಟಿನ ಲೆಕ್ಕ ಸರಿಯಾಗಿತ್ತು, ಶಾಖದ ಲೆಕ್ಕವೂ ಸರಿಯಾಗಿತ್ತು. ಆದರೂ ಅವರು ತಲೆ ಆಡಿಸಿದರು. ತಂತಿ ಸಾಯುವುದು ಬಿಸಿಯಿಂದಲ್ಲ ಅಮ್ಮ, ಹೊರೆಯಿಂದ ಎಂದರು. ತಂತಿ ತನ್ನ ಮೈಯಿಂದ ಕಾವನ್ನು ಹೊರಗೆ ಬಿಡಬೇಕು. ಮೈ ಸಣ್ಣದಾಗಿ, ಬಿಡಬೇಕಾದ ಕಾವು ಜಾಸ್ತಿಯಾದರೆ, ಫರ್ನೇಸಿಗಿಂತ ತಂತಿಯೇ ಎಷ್ಟೋ ಪಾಲು ಹೆಚ್ಚು ಕಾಯುತ್ತದೆ. ಆದ್ದರಿಂದ ಪ್ರತಿ ಚದರ ಸೆಂಟಿಮೀಟರಿಗೆ ಎಷ್ಟು ವ್ಯಾಟ್ ಬೀಳುತ್ತದೆ ಎಂದು ಮೊದಲು ನೋಡು, ಉಳಿದದ್ದು ಆಮೇಲೆ. ಇವತ್ತು ಕಂಪ್ಯೂಟರು ಇದನ್ನು ಕಣ್ಣು ಮಿಟುಕಿಸುವುದರೊಳಗೆ ಮಾಡಿಕೊಡುತ್ತದೆ. ಆದರೆ ಏಕೆ ಮಾಡಬೇಕೆಂದು ಅದು ಹೇಳುವುದಿಲ್ಲ.

ಇನ್ನೊಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ತಂತಿ ತಾಳದಷ್ಟು ಕಾವು ಬೇಕಾದ ಕಡೆ ಸಿಲಿಕಾನ್ ಕಾರ್ಬೈಡಿನ ಕಪ್ಪು ಕಡ್ಡಿಗಳನ್ನು ಹಾಕುತ್ತೇವೆ. ಈ ಕಡ್ಡಿಗಳಿಗೆ ವಯಸ್ಸಾಗುತ್ತದೆ. ಕಾದು ಕಾದು, ಕರೆಂಟನ್ನು ಹರಿಯಗೊಡದ ಗುಣ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗುತ್ತದೆ. ಒಬ್ಬ ಗಿರಾಕಿಯ ಫರ್ನೇಸಿನಲ್ಲಿ ಒಂದೇ ಸಾಲಿನಲ್ಲಿ, ಕರೆಂಟು ಹಂಚಿಕೊಳ್ಳುವಂತೆ ಸಮಾನಾಂತರವಾಗಿ ಜೋಡಿಸಿದ ಹನ್ನೆರಡು ಹಳೇ ಕಡ್ಡಿಗಳಲ್ಲಿ ಒಂದು ಮುರಿಯಿತು. ನಾನು ಒಂದು ಹೊಸ ಕಡ್ಡಿ ಕಳಿಸಿದೆ. ಹತ್ತು ದಿನಕ್ಕೆ ಅದು ಹೋಯಿತು. ಇನ್ನೊಂದು ಕಳಿಸಿದೆ, ಅದೂ ಹೋಯಿತು. ಮೂರನೆಯದನ್ನು ಪೆಟ್ಟಿಗೆಗೆ ಹಾಕಿಸುವಾಗ ಯಜಮಾನರು ನೋಡಿ ನಕ್ಕರು. ಹಳಬರ ಪಂಕ್ತಿಯಲ್ಲಿ ಹೊಸಬನನ್ನು ಒಬ್ಬನನ್ನೇ ಕೂರಿಸಿದರೆ ಎಲ್ಲರೂ ಕೆಲಸವನ್ನು ಅವನ ಮೇಲೇ ಹಾಕುತ್ತಾರೆ, ಬದಲಾಯಿಸುವುದಾದರೆ ಇಡೀ ಸಾಲನ್ನೇ ಬದಲಾಯಿಸು ಎಂದರು. ಹೊಸ ಕಡ್ಡಿಯಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಅದಕ್ಕೇ ಎಲ್ಲವೂ ಅದರಲ್ಲೇ ನುಗ್ಗುತ್ತದೆ. ಆ ದಿನ ಬೋರ್ಡಿನ ಮೂಲೆಯಲ್ಲಿ ಊಟ ಮಾಡುವಾಗ ಆ ಕಡ್ಡಿಯ ಮೇಲೆ ನನಗೆ ಸ್ವಲ್ಪ ಕನಿಕರ ಬಂತು.

ಈಗ ನಂಜುಂಡಪ್ಪನವರ ವಿಷಯ. ಇಷ್ಟೆಲ್ಲ ಬರೆಯುತ್ತಿರುವುದೇ ಅವರಿಗಾಗಿ.

ಅವರು ನಮ್ಮ ವೈಂಡರ್, ಅಂದರೆ ಕಾಯಿಲ್ ಸುತ್ತುವವರು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು, ನಂಜನಗೂಡಿನ ಕಡೆಯವರು, ಶಿವಭಕ್ತರ ಮನೆತನ. ಹಣೆಯ ಮೇಲೆ ಮೂರು ಎಳೆ ವಿಭೂತಿ ಇಲ್ಲದೆ ಲೇತಿನ ಮುಂದೆ ನಿಂತವರಲ್ಲ. ಹಳೆಯ ಲೇತಿಗೆ ಉಕ್ಕಿನ ಕಂಬಿ ಕಟ್ಟಿ ಅದರ ಮೇಲೆ ತಂತಿಯನ್ನು ಒತ್ತೊತ್ತಾಗಿ ಸುತ್ತುವುದು, ಆಮೇಲೆ ಅದನ್ನು ಎಳೆದು ನನ್ನ ನಕ್ಷೆಯಲ್ಲಿದ್ದಷ್ಟು ಸಂದು ಬರುವಂತೆ ಬಿಡಿಸುವುದು. ಎಳೆಯುವಾಗ ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಆದರೆ, ಒತ್ತಾದ ಕಡೆ ಕಾವು ಕೂಡಿ ಸುಡುತ್ತದೆ. ನಂಜುಂಡಪ್ಪನವರು ಎಳೆದ ಕಾಯಿಲಿನ ಮೇಲೆ ಅಳತೆ ಇಟ್ಟರೆ ನನಗೇ ನಾಚಿಕೆಯಾಗುತ್ತಿತ್ತು. ಹೆಬ್ಬೆರಳನ್ನು ಒಂದು ಸಲ ಆ ತುದಿಯಿಂದ ಈ ತುದಿಗೆ ಓಡಿಸಿ, ಆಯ್ತು ಮೇಡಂ ಎನ್ನುವರು. ಅಷ್ಟೇ ಅವರ ಮಾತು.

ಒಂದು ಚಳಿಗಾಲದ ಬೆಳಿಗ್ಗೆ ನಾನು ಅವಸರ ಮಾಡಿದೆ. ಅವರು ದಪ್ಪ ತಂತಿಯ ಸಿಂಬೆಯನ್ನು ಅಂಗಳದ ಬಿಸಿಲಿನಲ್ಲಿಟ್ಟು ಬೀಡಿ ಸೇದುತ್ತಾ ನಿಂತಿದ್ದರು. ಕಾರ್ಖಾನೆಯಲ್ಲಿ ಬಿಸಿಲು ಕಾಯಿಸುವ ಕೆಲಸ ಯಾವುದೂ ಇಲ್ಲ ಎಂದು ರೇಗಿದೆ. ಅವರು ಮರುಮಾತಿಲ್ಲದೆ ತಂತಿಯನ್ನು ಒಳಗೆ ತಂದು ಲೇತಿಗೆ ಹಾಕಿದರು. ಎರಡನೇ ಸುತ್ತಿಗೇ ಅದು ಟಣ್ಣೆಂದು ಮುರಿಯಿತು. ಅಲ್ಯುಮಿನಿಯಂ ಬೆರೆತ ತಂತಿ ಚಳಿಯಲ್ಲಿ ಬಗ್ಗುವುದಿಲ್ಲ ಎಂದು ಪುಸ್ತಕದಲ್ಲಿ ಓದಿದ್ದವಳು ನಾನು. ಗೊತ್ತಿದ್ದವರು ಅವರು. ಇನ್ನೊಂದು ಸಿಂಬೆಯನ್ನು ಬಿಸಿಲಿನಲ್ಲಿಟ್ಟು ಅವರು ಮತ್ತೆ ಹೋಗಿ ನಿಂತರು. ಆಗಲೂ ಏನೂ ಅನ್ನಲಿಲ್ಲ. ಆ ಮೌನ ನನಗೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ಅದು ಅವರ ಸ್ವಭಾವ ಎಂದು ಅರಿಯಲು ನನಗೆ ಬಹಳ ವರ್ಷ ಬೇಕಾಯಿತು.

ಆ ತಂತಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಕಬ್ಬಿಣ, ಕ್ರೋಮಿಯಂ, ಅಲ್ಯುಮಿನಿಯಂ ಬೆರೆತ ಆ ತಂತಿಯನ್ನು ಮೊದಲ ಸಲ ಕಾಸಿದಾಗ ಒಳಗಿನ ಅಲ್ಯುಮಿನಿಯಂ ಮೇಲಕ್ಕೆ ಬಂದು, ಗಾಳಿಯ ಜೊತೆ ಸೇರಿ, ತೆಳುವಾದ ಬೂದುಬಣ್ಣದ ಒಂದು ಚರ್ಮ ಕಟ್ಟುತ್ತದೆ. ತಂತಿಯನ್ನು ಕಾಪಾಡುವುದು ಆ ಚರ್ಮವೇ. ಅದಕ್ಕೇ ಮೊದಲ ಕಾವಿಗೆ ಫರ್ನೇಸು ಖಾಲಿ ಇರಬೇಕು, ಚೊಕ್ಕಟವಾಗಿರಬೇಕು, ಗಂಟೆಗಟ್ಟಲೆ ತಾಳ್ಮೆ ಇರಬೇಕು. ಚರ್ಮ ಕಟ್ಟಿದ ಮೇಲೆ ತಂತಿ ತಣ್ಣಗಾದರೆ ಹಪ್ಪಳದ ಹಾಗೆ, ಮುಟ್ಟಿದರೆ ಮುರಿಯುತ್ತದೆ. ಚರ್ಮವನ್ನು ತಿನ್ನುವ ಯಾವುದಾದರೂ ವಸ್ತು ಅದರ ಮೇಲೆ ಬಿದ್ದರೆ, ಬಿದ್ದ ಜಾಗದಲ್ಲೇ ತಂತಿ ಕೊಳೆತು ಸುಡುತ್ತದೆ.

ಪ್ರತಿ ವರ್ಷ ಆಯುಧಪೂಜೆಯ ದಿನ ಕಾರ್ಖಾನೆ ತೊಳೆದು, ಯಂತ್ರಗಳಿಗೆಲ್ಲ ಚೆಂಡುಹೂ ಕಟ್ಟಿ, ಬೂದುಗುಂಬಳ ಒಡೆಯುವರು. ನಾನು ಸೇರಿದ ಎರಡನೇ ವರ್ಷ, ಮದುವೆಯಾದ ಮೇಲೆ, ಯಜಮಾನರು ಅರಿಶಿನ ಕುಂಕುಮದ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ಮುತ್ತೈದೆ ನೀವಿದ್ದೀರಲ್ಲ, ನಿಮ್ಮ ಕೈಯಿಂದಲೇ ಆಗಲಿ ಎಂದರು. ಲೇತಿಗೆ, ವೆಲ್ಡಿಂಗ್ ಮಿಷಿನ್ನಿಗೆ, ಕ್ರೇನಿನ ಕೊಂಡಿಗೆ ಹಚ್ಚಿದೆ. ಹೊರಡಲು ಸಿದ್ಧವಾಗಿದ್ದ ಫರ್ನೇಸಿನ ಬಾಗಿಲು ತೆರೆದು, ಒಳಗೆ ಕೈ ಚಾಚಿ, ಎದುರುಗೋಡೆಯ ಮೇಲಿನ ಸಾಲಿನ ಕಾಯಿಲಿಗೆ ಮೂರು ಬೊಟ್ಟು ಇಟ್ಟೆ, ಎಡಕ್ಕೊಂದು, ನಡುವೆ ಒಂದು, ಬಲಕ್ಕೊಂದು. ಅದೇ ಪದ್ಧತಿಯಾಯಿತು. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಮೂಲೆಯಲ್ಲಿ ಊಟ ಮಾಡುವವಳಿಗೆ ಆ ಒಂದು ದಿನ ಎಲ್ಲರೂ ದಾರಿ ಬಿಟ್ಟು ನಿಲ್ಲುತ್ತಿದ್ದರು. ನನಗೆ ಅದು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಹತ್ತು ಹನ್ನೆರಡು ವರ್ಷ ಹಾಗೇ ನಡೆಯಿತು, ಒಂದು ಕಾಯಿಲೂ ಕೆಡಲಿಲ್ಲ.

ಆಮೇಲೆ ಒಂದು ವರ್ಷ ಬಂತು. ಪೂಜೆಯ ಹೊತ್ತಿಗೆ ಒಂದು ದೊಡ್ಡ ಫರ್ನೇಸು ಸಿದ್ಧವಾಗಿತ್ತು. ಸಾಮಾನ್ಯವಾಗಿ ಹಬ್ಬ ಮುಗಿದು ಕಾರ್ಖಾನೆ ತೆರೆದ ಮೇಲೆ ನಾವೇ ಮೊದಲ ಕಾವು ಕೊಟ್ಟು ಕಳಿಸುತ್ತಿದ್ದೆವು. ಆ ಸಲ ಗಿರಾಕಿಗೆ ಅವಸರ. ವಿಜಯದಶಮಿಯ ದಿನವೇ ಲಾರಿ ಬಂದು ಹೊತ್ತುಕೊಂಡು ಹೋಯಿತು. ಮೊದಲ ಕಾವು ಹೇಗೆ ಕೊಡಬೇಕೆಂದು ನಾನು ಬರೆದುಕೊಟ್ಟೆ, ಅವರು ಅಲ್ಲೇ ಕೊಟ್ಟುಕೊಂಡರು. ನಂಜುಂಡಪ್ಪನವರು ಪೂಜೆ ಮುಗಿದ ಕೂಡಲೇ ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದರು.

ಅದಾಗಿ ಮೂರು ವಾರಕ್ಕೆ ನಮ್ಮವರು ಹೋಗಿಬಿಟ್ಟರು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಒಂದು ದಿನ ತಲೆನೋವು ಅಂದವರಲ್ಲ. ಬೆಳಗಿನ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಎದೆ ಹಿಡಿದುಕೊಂಡು ಕೂತರು. ಅಷ್ಟೇ. ನಮಗೆ ಮಕ್ಕಳಿರಲಿಲ್ಲ. ಹದಿಮೂರು ದಿನ ಮನೆ ತುಂಬ ಜನ, ಹದಿನಾಲ್ಕನೆಯ ದಿನ ಗಡಿಯಾರದ ಸದ್ದು. ಅತ್ತಿಗೆ ನಾದಿನಿಯರು ಏನೇನು ಬಿಡಬೇಕು ಎಂದರೋ ಎಲ್ಲ ಬಿಟ್ಟೆ, ವಾದ ಮಾಡಲು ಮೈಯಲ್ಲಿ ತ್ರಾಣ ಇರಲಿಲ್ಲ. ಕುಂಕುಮದ ಭರಣಿಯನ್ನು ಬೀರುವಿನ ಒಳಗೆ ಸೀರೆಗಳ ಹಿಂದೆ ಇಟ್ಟೆ. ಬೋಳು ಹಣೆ ಹೊತ್ತು ಕೆಲಸಕ್ಕೆ ಹೋದೆ. ಯಾರೂ ನನ್ನ ಮುಖ ನೋಡಿ ಮಾತಾಡಲಿಲ್ಲ.

ಮರಳಿದ ಮೂರನೇ ದಿನ ಗಿರಾಕಿಯಿಂದ ಒಂದು ಪೊಟ್ಟಣ ಬಂತು. ಒಳಗೆ ಸುಟ್ಟ ಕಾಯಿಲಿನ ತುಂಡುಗಳು. ಹೊಸ ಫರ್ನೇಸು ಒಂದೂವರೆ ತಿಂಗಳಿಗೇ ಕೂತುಬಿಟ್ಟಿತ್ತು. ಅವರು ಜೊತೆಗೆ ಕಳಿಸಿದ್ದ ಮೊದಲ ಕಾವಿನ ಚಾರ್ಟು ನೋಡಿದೆ, ಸರಿಯಾಗಿತ್ತು. ನನ್ನ ಲೆಕ್ಕ ಮೂರು ಸಲ ತಿರುಗಿಸಿದೆ, ಸರಿಯಾಗಿತ್ತು. ಇನ್ನುಳಿದದ್ದು ಸುತ್ತಿದ ಕೈ. ಒಂದು ತುಂಡಿನ ಮೇಲೆ ಇಕ್ಕಳದ ಗುರುತಿತ್ತು. ಕಳಚುವಾಗ ಆದದ್ದೋ ಸುತ್ತುವಾಗ ಆದದ್ದೋ ಎಂದು ಯೋಚಿಸುವ ವ್ಯವಧಾನ ನನಗಿರಲಿಲ್ಲ. ಆ ದಿನಗಳಲ್ಲಿ ನನಗೆ ಎಲ್ಲರ ಮೇಲೂ ಸಿಟ್ಟು. ಬೆಳಗಿನ ಕಾಫಿಯ ಮೇಲೆ ಸಿಟ್ಟು, ದಾರಿಯಲ್ಲಿ ಗಂಡನ ಸ್ಕೂಟರಿನ ಹಿಂದೆ ಕೂತು ಹೋಗುವವರ ಮೇಲೆ ಸಿಟ್ಟು. ಸಿಕ್ಕವರು ನಂಜುಂಡಪ್ಪನವರು.

ಎಲ್ಲರ ಎದುರಿಗೆ ಕರೆದು ತುಂಡುಗಳನ್ನು ಅವರ ಮುಂದೆ ಸುರಿದೆ. ಇಪ್ಪತ್ತು ವರ್ಷದ ಕೈ ಇದೇನಾ ಎಂದು ಕೇಳಿದೆ. ಅವರು ತುಂಡುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿದವರು ಅವರೊಬ್ಬರೇ. ಏನೋ ಹೇಳಲು ಬಾಯಿ ತೆರೆದವರು ಮತ್ತೆ ತಲೆ ತಗ್ಗಿಸಿದರು.

"ಬುಡಿ ಮೇಡಂ, ಸುತ್ತಿದ್ದು ನಾನೇ ತಾನೆ," ಎಂದರು. "ನನ್ನ ಹೆಸ್ರೇ ಬರ್ಕೊಳಿ."

ತಪ್ಪು ಒಪ್ಪಿಕೊಂಡರು ಎಂದುಕೊಂಡೆ. ವರದಿಯಲ್ಲಿ ಎರಡು ಸಾಲು ಬರೆದೆ. ಸುತ್ತುವಾಗ ಇಕ್ಕಳದಿಂದ ಗಾಯವಾಗಿ ತಂತಿ ಕೆಟ್ಟಿದೆ, ಇದು ವೈಂಡರ್ ನಂಜುಂಡಪ್ಪನವರ ಅಜಾಗರೂಕತೆ. ಅದರ ಪ್ರತಿ ಗಿರಾಕಿಗೂ ಹೋಯಿತು. ಯಜಮಾನರು ಅವರನ್ನು ಲೇತಿನಿಂದ ತೆಗೆದು ಪೆಟ್ಟಿಗೆಗಳಿಗೆ ಹುಲ್ಲು ತುಂಬುವ ಕೆಲಸಕ್ಕೆ ಹಾಕಿದರು. ಮೂರು ತಿಂಗಳು ಹುಲ್ಲು ತುಂಬಿದರು. ಆಮೇಲೆ ಒಂದು ಶನಿವಾರ ವಿಭೂತಿ ಹಚ್ಚಿದ ಹಣೆಯನ್ನು ಲೇತಿಗೆ ಮುಟ್ಟಿಸಿ ನಮಸ್ಕಾರ ಮಾಡಿ ಹೋದರು, ಸೋಮವಾರ ಬರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಆ ದೊಣ್ಣೆ ಹಿಡಿದವಳು ನಾನು.

ಅವರ ಜಾಗಕ್ಕೆ ಮಾದೇಶ ಎನ್ನುವವನು ಬಂದ. ಒಳ್ಳೆಯ ಕೆಲಸಗಾರನೇ. ಮುಂದಿನ ಆಯುಧಪೂಜೆಗೆ ಸಿದ್ಧ ಫರ್ನೇಸು ಯಾವುದೂ ಇರಲಿಲ್ಲ. ಅದರ ಮುಂದಿನ ವರ್ಷ ಇತ್ತು. ಆ ದಿನ ಬಟ್ಟಲು ಯಜಮಾನರ ಸೊಸೆಯ ಕೈಗೆ ಹೋಯಿತು. ನನಗೆ ಯಾರೂ ಬೇಡ ಎನ್ನಲಿಲ್ಲ. ನೀವು ಆರಾಮಾಗಿ ಕೂತ್ಕೊಳಿ ಅಮ್ಮ ಎಂದು ಕುರ್ಚಿಯೊಂದನ್ನು ಹಿಂದುಗಡೆ ಹಾಕಿಸಿದರು, ಅಷ್ಟೇ. ಹೂವಿನ ವಾಸನೆ, ಕುಂಬಳ ಒಡೆದ ಸದ್ದು, ಗಂಡಸರ ಬೆನ್ನುಗಳು. ಆ ಬೆನ್ನುಗಳ ಸಂದಿಯಿಂದ ಆ ಹುಡುಗಿಯ ಕೈ ಫರ್ನೇಸಿನೊಳಗೆ ಹೋಗುವುದು ಕಂಡಿತು, ಎಡಕ್ಕೆ, ನಡುವೆ, ಬಲಕ್ಕೆ. ಏನೋ ಸರಿಯಿಲ್ಲ ಅನ್ನಿಸಿತು. ಅದು ಹೊಟ್ಟೆಕಿಚ್ಚು ಎಂದೇ ತಿಳಿದು ತಲೆ ತಗ್ಗಿಸಿದೆ.

ಎರಡು ತಿಂಗಳಿಗೆ ಮತ್ತೆ ಪೊಟ್ಟಣ ಬಂತು. ಮಾದೇಶ ಅಳುವ ಹಾಗೆ ಆಗಿದ್ದ. ಗಿರಾಕಿ ಫರ್ನೇಸಿನ ಒಳಗಿನ ಫೋಟೋ ಕಳಿಸಿದ್ದ. ಮೇಲಿನ ಸಾಲಿನಲ್ಲಿ ಮೂರು ಕಡೆ ಸುಟ್ಟಿತ್ತು, ಎಡಕ್ಕೊಂದು, ನಡುವೆ ಒಂದು, ಬಲಕ್ಕೊಂದು. ಉಳಿದ ಕಾಯಿಲ್ ಪೂರ್ತಿ ಹೊಸದರ ಹಾಗೆ ಇತ್ತು. ನಾನು ಫೋಟೋವನ್ನು ನೋಡುತ್ತಾ ಕೂತೆ. ಸುತ್ತುವವನ ತಪ್ಪಾದರೆ ಎಲ್ಲೆಂದರಲ್ಲಿ ಸುಡಬೇಕು. ಇದು ಕೈ ಎಟುಕುವ ಎತ್ತರದಲ್ಲಿ ಮಾತ್ರ ಸುಟ್ಟಿದೆ. ಹನ್ನೆರಡು ವರ್ಷ ನಾನೇ ಬೊಟ್ಟಿಟ್ಟಾಗ ನನ್ನ ಕೈ ಎಲ್ಲಿ ಹೋಗುತ್ತದೆಂದು ನಾನು ನೋಡಿರಲಿಲ್ಲ. ಹಿಂದೆ ಕುರ್ಚಿಯಲ್ಲಿ ಕೂತದ್ದರಿಂದ ಅದು ಕಂಡಿತು.

ನನ್ನ ಡ್ರಾಯರಿನ ತಳದಲ್ಲಿ ಹಳೆಯ ತುಂಡುಗಳಿದ್ದವು. ತೆಗೆದು ಜೋಡಿಸಿದೆ, ಸುತ್ತುಗಳನ್ನು ಎಣಿಸಿದೆ. ಅವೂ ಮೂರು ಕಡೆಯೇ ಸುಟ್ಟಿದ್ದವು. ಇಕ್ಕಳದ ಗುರುತು ಸುಟ್ಟ ಜಾಗದಿಂದ ನಾಲ್ಕು ಬೆರಳು ದೂರದಲ್ಲಿತ್ತು. ಅದನ್ನು ಆ ದಿನವೇ ನೋಡಬಹುದಿತ್ತು, ನಾನು ನೋಡಿರಲಿಲ್ಲ.

ಮನೆಗೆ ಹೋಗಿ ಬೀರುವಿನಲ್ಲಿ ಸೀರೆಗಳ ಹಿಂದೆ ಕೈ ಹಾಕಿ ಭರಣಿ ತೆಗೆದೆ. ಕಾರ್ಖಾನೆಯ ಪೂಜೆಗೂ ನಮ್ಮ ಮನೆಗೂ ದೇವರಾಜ ಮೊಹಲ್ಲಾದ ಒಂದೇ ಅಂಗಡಿಯ ಕುಂಕುಮ. ಮರುದಿನ ಪರೀಕ್ಷೆಯ ಪುಟ್ಟ ಫರ್ನೇಸಿನಲ್ಲಿ ಮೂರು ಕಾಯಿಲ್ ಹಾಕಿಸಿದೆ. ಒಂದು ಬರಿಯದು, ಒಂದಕ್ಕೆ ಅರಿಶಿನ, ಒಂದಕ್ಕೆ ಕುಂಕುಮ. ಕುಂಕುಮದ ಬೊಟ್ಟನ್ನು ಕೊನೆಗೆ ಇಟ್ಟೆ. ಎರಡು ವರ್ಷದಿಂದ ಆ ಪುಡಿಯನ್ನು ಮುಟ್ಟಿರಲಿಲ್ಲ. ಕಾಸುವುದು, ಆರಿಸುವುದು, ಕಾಸುವುದು. ನಾಲ್ಕನೇ ದಿನ ಬರಿಯದೂ ಅರಿಶಿನದ್ದೂ ಬೂದುಬಣ್ಣಕ್ಕೆ ತಿರುಗಿ ಚೆನ್ನಾಗಿದ್ದವು. ಕುಂಕುಮದ್ದಕ್ಕೆ ಬೊಟ್ಟಿಟ್ಟಲ್ಲಿ ಕಪ್ಪು ಹಕ್ಕಳೆ ಎದ್ದಿತ್ತು. ಆರನೇ ದಿನ ಅಲ್ಲೇ ಕಡಿದು ಬಿತ್ತು.

ಅಂಗಡಿಗೆ ಹೋಗಿ ಕುಂಕುಮಕ್ಕೆ ಏನೇನು ಹಾಕುತ್ತೀರಿ ಎಂದು ಕೇಳಿದೆ. ಅರಿಶಿನದ ಕೊಂಬು, ನಿಂಬೆರಸ, ಪಟಿಕ, ಬಿಳಿಗಾರ. ಒಳ್ಳೇ ಅಪ್ಪಟ ಕುಂಕುಮ ಅಮ್ಮ, ಬಣ್ಣದ ಪುಡಿ ಅಲ್ಲ ಎಂದು ಅವನು ಹೆಮ್ಮೆಪಟ್ಟ. ಬಿಳಿಗಾರ ಎಂದ ಕೂಡಲೇ ನನಗೆ ತಿಳಿದುಹೋಯಿತು. ಅಕ್ಕಸಾಲಿಗರು ಬೆಸುಗೆ ಹಾಕುವ ಮುಂಚೆ ಚಿನ್ನದ ಮೇಲಿನ ಪೊರೆಯನ್ನು ಕರಗಿಸಲು ಇಡುವುದು ಅದನ್ನೇ. ಕಾದ ತಂತಿಯ ಚರ್ಮವನ್ನೂ ಅದು ಹಾಗೇ ಕರಗಿಸಿತ್ತು. ನನ್ನ ಕೈಯ ದೋಷವಲ್ಲ, ಆ ಹುಡುಗಿಯ ಕೈಯ ದೋಷವಲ್ಲ, ಸುತ್ತಿದವರದಂತೂ ಅಲ್ಲವೇ ಅಲ್ಲ.

ಯಜಮಾನರು ಎಲ್ಲ ಕೇಳಿಸಿಕೊಂಡರು. ಇನ್ನು ಮೇಲೆ ಬಾಗಿಲಿಗೆ ಮಾತ್ರ ಹಚ್ಚೋಣ, ಹಳೆಯದನ್ನು ಕೆದಕುವುದು ಬೇಡ ಎಂದರು. ನಾನು ಒಪ್ಪಲಿಲ್ಲ. ಹಳೆಯ ವರದಿ ತಪ್ಪು, ತಪ್ಪು ಬರೆದವಳು ನಾನು, ವೈಂಡರ್ ನಂಜುಂಡಪ್ಪನವರ ಕೆಲಸದಲ್ಲಿ ಯಾವ ಕುಂದೂ ಇರಲಿಲ್ಲ ಎಂದು ಹೊಸ ವರದಿ ಬರೆದು ಅವರ ಮುಂದಿಟ್ಟೆ. ಸಹಿ ಹಾಕದಿದ್ದರೆ ನಾಳೆಯಿಂದ ಬರುವುದಿಲ್ಲ ಎಂದೆ. ಹಾಕಿದರು. ಗಿರಾಕಿಗೊಂದು ಪ್ರತಿ ಕಳಿಸಿ, ಇನ್ನೊಂದನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ಗೊತ್ತಿತ್ತು. ಆದರೂ ಹೋಗಲೇಬೇಕಾಗಿತ್ತು.

ನಂಜುಂಡಪ್ಪನವರು ದೇವರಾಜ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಪುಟ್ಟ ಅಂಗಡಿ ಇಟ್ಟುಕೊಂಡಿದ್ದರು. ಇಸ್ತ್ರಿಪೆಟ್ಟಿಗೆ, ಕರೆಂಟ್ ಒಲೆ, ರೂಮ್ ಹೀಟರು, ಇವುಗಳ ಕಾಯಿಲ್ ಸುತ್ತಿ ಕೊಡುವ ಅಂಗಡಿ. ಒಂದು ಆಳು ಮಾತ್ರ ನಿಲ್ಲುವಷ್ಟು ಜಾಗ, ಅದರಲ್ಲೇ ಒಂದು ಕೈ ತಿರುಗಿಸುವ ಚಿಕ್ಕ ಲೇತು. ಫರ್ನೇಸಿನ ತಂತಿಯನ್ನು ಸೇರುಗಟ್ಟಲೆ ಸುತ್ತಿದ ಕೈ ಕೂದಲಿನಷ್ಟು ಸಣ್ಣ ತಂತಿ ಸುತ್ತುತ್ತಿತ್ತು. ನನ್ನನ್ನು ಕಂಡು ಎದ್ದು ನಿಂತು ಸ್ಟೂಲು ಒರೆಸಿ ಕೊಟ್ಟರು. ನಾನು ಕೂರಲಿಲ್ಲ. ನಿಂತೇ ವರದಿಯನ್ನು ಓದಿದೆ, ಬಿಳಿಗಾರದ ವಿಷಯವನ್ನೂ ಹೇಳಿದೆ. ಅವರ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

"ಗೊತ್ತಿತ್ತು ಕಣಮ್ಮ," ಎಂದರು.

ಮೊದಲ ವರ್ಷದ ಪೂಜೆಯ ಮೇಲೆಯೇ ಅವರಿಗೆ ಗೊತ್ತಾಗಿತ್ತಂತೆ. ಮೊದಲ ಕಾವು ಕೊಡುವಾಗ ಬೊಟ್ಟಿದ್ದ ಜಾಗ ಬೊಬ್ಬೆ ಎದ್ದದ್ದನ್ನು ಕಂಡು, ಆ ಸಾಲನ್ನು ಬಿಚ್ಚಿ ಬೇರೆ ಸುತ್ತಿ ಹಾಕಿದ್ದರಂತೆ. ಅಂದಿನಿಂದ ಪ್ರತಿ ವರ್ಷ ಹಬ್ಬದ ಮಾರನೇ ಕೆಲಸದ ದಿನ, ಎಲ್ಲರಿಗಿಂತ ಮುಂಚೆ ಬಂದು, ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ನನ್ನ ಮೂರು ಬೊಟ್ಟುಗಳನ್ನು ಒರೆಸಿಬಿಡುತ್ತಿದ್ದರಂತೆ. ಪೂಜೆ ಮಾಡುವ ಹೆಣ್ಣುಮಗಳಿಗೆ ಬೇಡ ಅನ್ನುವುದು ಹೇಗೆ, ಒರೆಸಿದರೆ ಆಯಿತಲ್ಲ ಎಂದು. ಹನ್ನೆರಡು ವರ್ಷ ನನ್ನ ಕೈಗುಣ ಎಂದುಕೊಂಡಿದ್ದು ಅವರ ಬಟ್ಟೆಯ ಗುಣ. ಆ ವರ್ಷ ಮಾತ್ರ ಅವರು ಊರಿನಿಂದ ಬರುವುದರೊಳಗೆ ಲಾರಿ ಹೋಗಿತ್ತು.

ಹಾಗಾದರೆ ಎಲ್ಲರೆದುರು ನಾನು ಕೇಳಿದಾಗ ಯಾಕೆ ಹೇಳಲಿಲ್ಲ ಎಂದೆ. ಕೇಳುವಾಗ ನನಗೆ ಮತ್ತೆ ಸಿಟ್ಟೇ ಬಂದಿತ್ತು. ಅವರು ಲೇತಿನ ಹಿಡಿಯನ್ನು ಬಟ್ಟೆಯಿಂದ ಒರೆಸುತ್ತಾ ನಿಂತರು.

"ಎಂಗಮ್ಮ ಹೇಳ್ಲಿ? ನಿಮ್ಮ ಹಣೆ ಕುಂಕುಮ ಹೋಗಿ ಇನ್ನೂ ತಿಂಗ್ಳು ತುಂಬಿರ್ಲಿಲ್ಲ. ನಿಮ್ಮ ಕುಂಕುಮದಿಂದ್ಲೇ ಸುಟ್ಟೋಯ್ತು ಅಂತ ಅಷ್ಟು ಜನದ ಮುಂದೆ ನಾನು ಬಾಯ್ಬುಟ್ಟು ಹೇಳಕ್ಕಾಯ್ತಿತ್ತಾ?"

ನಾನು ಆ ಸ್ಟೂಲಿನ ಮೇಲೆ ಕೂತುಬಿಟ್ಟೆ. ನಮ್ಮವರು ಹೋದಾಗ ಹದಿಮೂರು ದಿನವೂ ಅಳದಿದ್ದವಳು ಆ ಗಲ್ಲಿಯಲ್ಲಿ, ಇಸ್ತ್ರಿಪೆಟ್ಟಿಗೆಗಳ ಮಧ್ಯೆ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಅವರು ಎದುರಿನ ಹೋಟೆಲಿನಿಂದ ಕಾಫಿ ತರಿಸಿ ಮುಂದಿಟ್ಟು, ಅಳು ನಿಲ್ಲುವವರೆಗೆ ಆ ಕಡೆ ತಿರುಗಿ ತಂತಿ ಸುತ್ತುತ್ತಿದ್ದರು. ವ್ಯರ್ಥ ಎಂದು ಗೊತ್ತಿದ್ದೂ, ಕೆಲಸಕ್ಕೆ ವಾಪಸು ಬನ್ನಿ ಎಂದು ಕೇಳಿದೆ. ಇಲ್ಲಿ ಅಭ್ಯಾಸ ಆಗಿದೆ ಎಂದರು. ವರದಿಯನ್ನು ಮಡಚಿ ದೇವರ ಪಟದ ಹಿಂದೆ ಸಿಕ್ಕಿಸಿದರು.

ಮುಂದಿನ ಆಯುಧಪೂಜೆಯ ಬೆಳಿಗ್ಗೆ ನಾನು ಮನೆಯಲ್ಲೇ ಇದ್ದೆ. ಹಿಂದಿನ ಕುರ್ಚಿಯಲ್ಲಿ ಕೂರಲು ಇಷ್ಟವಿರಲಿಲ್ಲ, ರಜೆ ಹಾಕಿದ್ದೆ. ಬಾಗಿಲಲ್ಲಿ ನಂಜುಂಡಪ್ಪನವರು, ಒಗೆದ ಪಂಚೆ, ಹೊಸ ವಿಭೂತಿ, ಕೈಯಲ್ಲಿ ಸೈಕಲ್ಲು. ಅಂಗಡಿಯ ಪೂಜೆಗೆ ಬರಬೇಕು ಎಂದರು. ಹೋದೆ. ಅವರ ಹೆಂಡತಿ, ಆ ವರ್ಷ ಬಾಣಂತನವಾಗಿದ್ದ ಮಗಳು, ಅವಳ ಮಗು, ಎಲ್ಲರೂ ಗಲ್ಲಿಯಲ್ಲಿ ನಿಂತಿದ್ದರು. ನಂಜುಂಡಪ್ಪನವರು ಬಟ್ಟಲನ್ನು ಹೆಂಡತಿಯ ಕೈಗೆ ಕೊಡಲಿಲ್ಲ, ನನ್ನ ಮುಂದೆ ಹಿಡಿದರು. ನಾನು ಹಿಂದೆ ಸರಿದೆ, ನನ್ನ ಕೈಯಿಂದ ಬೇಡ ಎಂದೆ. ಅವರ ಹೆಂಡತಿ ನನ್ನ ಮೊಣಕೈ ಹಿಡಿದು ಮುಂದೆ ತಂದರು.

"ಲೇತಿಗೆ ಹಚ್ಚಿ ಕಣಮ್ಮ," ಎಂದರು ನಂಜುಂಡಪ್ಪನವರು. "ತಂತಿಗೆ ಮಾತ್ರ ಬ್ಯಾಡ."

ಎಷ್ಟೋ ವರ್ಷದ ಮೇಲೆ ಆ ದಿನ ನಾನು ನಕ್ಕೆ. ಲೇತಿಗೆ ಮೂರು ಬೊಟ್ಟು ಇಟ್ಟೆ. ಅವರು ಇರುವವರೆಗೆ ಪ್ರತಿ ವರ್ಷ ಇಟ್ಟೆ. ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಯಿತು. ಇಟ್ಟಿಗೆಯ ಬದಲು ಹತ್ತಿಯಂಥ ನಾರಿನ ಹಲಗೆಗಳು ಬಂದವು, ಗಾಜಿನ ಚರ್ಮ ಕಟ್ಟುವ ಹೊಸ ಎಲಿಮೆಂಟುಗಳು ಬಂದವು, ಕಾಯಿಲುಗಳು ಸುತ್ತಿಯೇ ಪೆಟ್ಟಿಗೆಯಲ್ಲಿ ಬರತೊಡಗಿದವು. ಯಜಮಾನರು ತೀರಿಕೊಂಡರು. ನಾನು ನಿವೃತ್ತಳಾದೆ. ಹೋದ ವರ್ಷ ನಂಜುಂಡಪ್ಪನವರೂ ಹೋದರು. ಅಂಗಡಿಯಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ.

ಮಕ್ಕಳೇ, ತಂತಿ ಕೆಟ್ಟಾಗ ವರದಿ ಬರೆಯುವ ಮುಂಚೆ ಒಂದು ದಿನ ಸುಮ್ಮನೆ ಕೂತುಕೊಳ್ಳಿ. ಎದುರಿಗಿರುವವನು ತಲೆ ತಗ್ಗಿಸಿದರೆ ಯಾಕೆ ತಗ್ಗಿಸಿದ ಎಂದು ಇನ್ನೊಂದು ಸಲ ಕೇಳಿ. ಒಬ್ಬರೇ ಇರುವಾಗ ಕೇಳಿ.

ಈ ಸಲದ ಆಯುಧಪೂಜೆಗೆ ನನ್ನನ್ನು ಕರೆಯಲು ಯಾರೂ ಬರಲಿಲ್ಲ. ಮಧ್ಯಾಹ್ನದವರೆಗೆ ಕಾದು, ಅಡುಗೆಮನೆಯ ಹಳೆಯ ಕರೆಂಟ್ ಒಲೆಯನ್ನು ಹೊರಗೆ ತೆಗೆದು ತೊಳೆದ ಬಟ್ಟೆಯಿಂದ ಒರೆಸಿದೆ. ಅದರ ಕಾಯಿಲ್ ಅವರು ಸುತ್ತಿ ಕೊಟ್ಟದ್ದು, ಸಂದುಗಳು ಇನ್ನೂ ಅಳೆದ ಹಾಗಿವೆ. ಭರಣಿ ತೆಗೆದು, ಒಲೆಯ ಹೊರಗಿನ ತಗಡಿಗೆ ಮೂರು ಬೊಟ್ಟು ಇಟ್ಟೆ. ತಂತಿಯನ್ನು ಮುಟ್ಟಲಿಲ್ಲ.